ವರ್ಷದ ಚಂದಾ ಕಟ್ಟಬೇಡಿ, ಫೆಬ್ರವರಿ ತನಕ ಸಾಕು: ಬಾಸ್ಕೆಟ್‌ಬಾಲ್ ಆ್ಯಪ್‌ನ ಮೂರು ಸೀಸನ್ ಅನುಭವ

ಮೊದಲೇ ಅಂಕ ಹೇಳಿಬಿಡುತ್ತೇನೆ. ಅಕ್ಟೋಬರ್‌ನಿಂದ ಜನವರಿ ತನಕ 5ಕ್ಕೆ ನಾಲ್ಕೂವರೆ. ಫೆಬ್ರವರಿ ಅರ್ಧದಿಂದ ಏಪ್ರಿಲ್ ಎರಡನೇ ವಾರದ ತನಕ ಒಂದೂವರೆ. ಪ್ಲೇ-ಆಫ್ ಶುರುವಾದ ಮೇಲೆ ಮತ್ತೆ 5ಕ್ಕೆ 5. ಒಂದೇ ಆ್ಯಪ್, ಒಂದೇ ದುಡ್ಡು, ಒಂದೇ ಆಟ. ನಡುವಿನ ಆ ಎರಡು ತಿಂಗಳು ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಬರೆಯಬೇಕು.

ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯ ನೋಡುವುದಕ್ಕೆ ಮೂರು ವರ್ಷದಿಂದ ಈ ಆ್ಯಪ್‌ಗೆ ವರ್ಷದ ಚಂದಾ ಕಟ್ಟುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನಾನು ಹೇಳುವ ದೊಡ್ಡ ತೊಂದರೆ ಆ ಒಂದು ಆ್ಯಪ್‌ನದ್ದಲ್ಲ, ಎಲ್ಲಿ ನೋಡಿದರೂ ಅದೇ ಪಂದ್ಯ. ಅಕ್ಟೋಬರ್‌ನಲ್ಲಿ ಹೊಸ ಸೀಸನ್ ಶುರುವಾಗುತ್ತದೆ. ತುಮಕೂರಿನ ನಮ್ಮ ಭಾನುವಾರದ ಗುಂಪಿನಲ್ಲಿ ನಾಲ್ಕೈದು ಜನ ಆಗಲೇ ಕೇಳಿದ್ದಾರೆ, "ಅಕ್ಕ, ವರ್ಷದ್ದು ತಗೊಳ್ಳೋದಾ, ತಿಂಗಳದ್ದಾ?" ಅಂತ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದರೆ ಬೇರೆಯವರಿಗೂ ಉಪಯೋಗ.

ನಾನು ತುಮಕೂರಿನವಳು. ಕಾಲೇಜಿನಲ್ಲಿ ಆಡುತ್ತಿದ್ದೆ, ಈಗ ಭಾನುವಾರ ಮಾತ್ರ. ಕೆಲಸ ಬೆಂಗಳೂರಿನಲ್ಲಿ, ಮನೆ ಇಲ್ಲೇ, ದಿನಾ ಬೆಳಗಿನ ರೈಲು. ಅಮೆರಿಕದಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗ್ಗೆ 5:30ಕ್ಕೆ ಸಿಗುತ್ತದೆ. ಮೊದಲರ್ಧ ಮನೆಯಲ್ಲಿ, ಉಳಿದದ್ದು ರೈಲಿನಲ್ಲಿ. ನಾಲ್ಕು ಕ್ವಾರ್ಟರ್‌ಗಳ ಪಂದ್ಯದಲ್ಲಿ ಕ್ಯಾತ್ಸಂದ್ರ, ಹಿರೇಹಳ್ಳಿ ದಾಟುವಾಗ ಮೂರನೇ ಕ್ವಾರ್ಟರ್, ದಾಬಸ್‌ಪೇಟೆ ಬಿಟ್ಟ ಮೇಲೆ ಕೊನೆಯ ಕ್ವಾರ್ಟರ್, ಸೋಲದೇವನಹಳ್ಳಿ ಬರುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ಮಾರ್ಚ್ ಎರಡನೇ ವಾರದಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ. ಆಮೇಲೆ ನಮಗೆ 4:30ಕ್ಕೇ ಶುರು, ಇದನ್ನು ನೆನಪಿಟ್ಟುಕೊಳ್ಳಿ.

ಆ್ಯಪ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಚಿತ್ರ ಸ್ಪಷ್ಟ. ನಿಡವಂದದ ಹತ್ತಿರ ಸಿಗ್ನಲ್ ಬಿದ್ದರೂ ತಾನೇ ಹೊಂದಿಕೊಂಡು ಓಡುತ್ತದೆ. ಪೂರ್ತಿ ಪಂದ್ಯ ನೋಡಲು ಪುರುಸೊತ್ತಿಲ್ಲದವರಿಗೆ ಹತ್ತು ನಿಮಿಷಕ್ಕೆ ಇಳಿಸಿದ ಪಂದ್ಯ ಹಾಕುತ್ತಾರೆ, ಅದನ್ನು ತುಂಬಾ ಚೆನ್ನಾಗಿ ಕತ್ತರಿಸುತ್ತಾರೆ. ಕನ್ನಡ ಕಾಮೆಂಟರಿ ಇಲ್ಲ. ಒಂದೇ ಕಿರಿಕಿರಿ, ಮೊದಲ ಪುಟದಲ್ಲೇ ಸ್ಕೋರ್ ಹಾಕಿಬಿಡುತ್ತಾರೆ. ಸಂಜೆ ಮನೆಗೆ ಬಂದು ನೋಡೋಣ ಅಂದುಕೊಂಡ ಪಂದ್ಯದ ಫಲಿತಾಂಶ ಆ್ಯಪ್ ತೆರೆದ ಕೂಡಲೇ ಕಣ್ಣಿಗೆ ಬೀಳುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೋರ್ ಮುಚ್ಚಿಡುವ ಬಟನ್ ಹುಡುಕಿ ಒತ್ತಿ, ಅಷ್ಟೇ.

ಇನ್ನು ನಿಜವಾದ ವಿಷಯ.

2023ರ ಏಪ್ರಿಲ್ 8, ಎರಡನೇ ಶನಿವಾರ, ರಜೆ. ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದ. ಆಗ ಅವನಿಗೆ ಹನ್ನೊಂದು ವರ್ಷ. ಡಲ್ಲಾಸ್ ತಂಡದ ಲೂಕಾ ಡಾನ್ಚಿಚ್ ಅಂದರೆ ಅವನಿಗೆ ಪ್ರಾಣ. ಸ್ಟೇಡಿಯಂ ಕೋರ್ಟ್‌ನಲ್ಲಿ ಆಡುವಾಗ ಅವನ ಥರವೇ ಹಿಂದಕ್ಕೆ ಹಾರಿ ಚೆಂಡು ಎಸೆಯಲು ಹೋಗಿ ಎಷ್ಟು ಸಲ ಬಿದ್ದಿದ್ದಾನೋ. ಅವತ್ತು ಡಲ್ಲಾಸ್ ಮತ್ತು ಶಿಕಾಗೊ ಪಂದ್ಯ. ಡಲ್ಲಾಸ್‌ಗೆ ಮುಂದಿನ ಹಂತಕ್ಕೆ ಹೋಗುವ ದಾರಿ ಇನ್ನೂ ಮುಚ್ಚಿರಲಿಲ್ಲ. ಗೆದ್ದರೆ ಆಸೆ ಉಳಿಯುತ್ತದೆ, ಸೋತರೆ ಮನೆಗೆ. ಅಂಥ ಪಂದ್ಯ ಅಂದರೆ ಜೀವ ಬಿಟ್ಟು ಆಡಬೇಕು ಅಲ್ವಾ? ನಾವಿಬ್ಬರೂ ಬೆಳಗ್ಗೆಯೇ ಎದ್ದು, ಅಮ್ಮನಿಗೆ ಕಾಫಿ ಮಾಡಿಕೊಟ್ಟು, ಟಿವಿ ಮುಂದೆ ಕೂತೆವು.

ಡಲ್ಲಾಸ್‌ನ ಇನ್ನೊಬ್ಬ ದೊಡ್ಡ ಆಟಗಾರ ಕೈರಿ ಅರ್ವಿಂಗ್ ಆಡುತ್ತಿಲ್ಲ ಅಂತ ಗೊತ್ತಾಯಿತು. ಇನ್ನೂ ಕೆಲವು ಮುಖ್ಯ ಆಟಗಾರರು ಇಲ್ಲ. ಲೂಕಾ ಇದ್ದ. ಮೊದಲ ಕ್ವಾರ್ಟರ್ ಆಡಿದ. ಎರಡನೇ ಕ್ವಾರ್ಟರ್ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ಹೊರಗೆ ಬಂದ. ಮತ್ತೆ ಇಳಿಯಲೇ ಇಲ್ಲ. ಅವತ್ತು ಆ ಸ್ಟೇಡಿಯಂನಲ್ಲಿ ಅವನ ದೇಶವಾದ ಸ್ಲೊವೇನಿಯಾ ಹೆಸರಿನಲ್ಲಿ ವಿಶೇಷ ಸಂಜೆ ಇಟ್ಟಿದ್ದರು. ಅವನು ಅಷ್ಟಾದರೂ ಆಡಿದ್ದು ಅದಕ್ಕೇ ಅಂತ ಕೋಚ್ ಜೇಸನ್ ಕಿಡ್ ಹೇಳಿದರು.

"ಚಿಕ್ಕಮ್ಮ, ಅವನ್ಯಾಕೆ ಕೂತಿದಾನೆ? ಕಾಲಿಗೆ ಏನಾದ್ರೂ ಆಯ್ತಾ?"

ಇಲ್ಲ ಕಣೋ, ಏನೂ ಆಗಿಲ್ಲ ಅಂದೆ.

"ಮತ್ತೆ ಯಾಕೆ ಆಡಿಸ್ತಿಲ್ಲ? ಸೋತು ಹೋಗ್ತಾರೆ."

ಅವನಿಗೆ ಏನು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ. ಸೋಲಲಿ ಅಂತಲೇ ಕೂರಿಸಿದ್ದಾರೆ ಅಂತ ಹನ್ನೊಂದು ವರ್ಷದ ಹುಡುಗನಿಗೆ ಹೇಗೆ ಹೇಳುವುದು. ಡಲ್ಲಾಸ್ 112-115ರಲ್ಲಿ ಸೋತಿತು. ಮೂರೇ ಅಂಕ. ಹುಡುಗ ಮಾತಾಡದೆ ಎದ್ದು ಹೋಗಿ ಶೂ ಹಾಕಿಕೊಂಡ.

ಸೋಲಲಿ ಅಂತ ಒಂದು ತಂಡ ಯಾಕೆ ಬಯಸುತ್ತದೆ ಅನ್ನುವುದಕ್ಕೆ ಉತ್ತರ ಡ್ರಾಫ್ಟ್. ಅದೇನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಐಪಿಎಲ್‌ನಲ್ಲಿ ಹರಾಜು ನಡೆಯುತ್ತದೆ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ದುಡ್ಡಿನ ಮಿತಿ ಒಂದೇ. 2019ರಲ್ಲಿ ನಮ್ಮ ಆರ್‌ಸಿಬಿ ಮೊದಲ ಆರು ಪಂದ್ಯ ಸತತವಾಗಿ ಸೋತು ಕೊನೆಯ ಸ್ಥಾನಕ್ಕೆ ಹೋಯಿತು. ಅದಕ್ಕೆ ಯಾರೂ ಬಹುಮಾನ ಕೊಡಲಿಲ್ಲ. ಎನ್‌ಬಿಎಯಲ್ಲಿ ಹಾಗಲ್ಲ. ಕಾಲೇಜುಗಳಿಂದ, ಹೊರದೇಶಗಳಿಂದ ಬರುವ ಹೊಸ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುತ್ತವೆ. ಆ ಸರದಿಯಲ್ಲಿ ಸೋತ ತಂಡಗಳು ಮುಂದೆ ಇರುತ್ತವೆ. ಉದ್ದೇಶ ಒಳ್ಳೆಯದೇ, ಬಡವಾಗಿರುವ ತಂಡಕ್ಕೆ ಮೇಲೇಳಲು ಒಂದು ಕೈ ಆಸರೆ. ಆದರೆ ಸೋಲಿಗೆ ಬೆಲೆ ಕಟ್ಟಿದ ಮೇಲೆ ಅದನ್ನು ಕೊಳ್ಳುವವರು ಹುಟ್ಟಿಕೊಳ್ಳುತ್ತಾರೆ. ಬೇಕಂತಲೇ ಸೋಲುವ ಈ ಕೆಲಸಕ್ಕೆ ಅಲ್ಲಿ ಟ್ಯಾಂಕಿಂಗ್ ಅನ್ನುತ್ತಾರೆ.

ಡಲ್ಲಾಸ್ ಲೆಕ್ಕ ಇಷ್ಟು. ಅವರ ಆ ವರ್ಷದ ಸರದಿ ಹಳೆಯ ಒಪ್ಪಂದದ ಪ್ರಕಾರ ನ್ಯೂಯಾರ್ಕ್‌ಗೆ ಹೋಗಬೇಕಿತ್ತು. ಮೊದಲ ಹತ್ತರೊಳಗೆ ಬಂದರೆ ಮಾತ್ರ ಅವರ ಬಳಿಯೇ ಉಳಿಯುತ್ತಿತ್ತು. ಗೆದ್ದು ಮೇಲೆ ಹೋದರೆ ಸರದಿ ಕೈತಪ್ಪುತ್ತದೆ. ಹಾಗಾಗಿ ಕೈಕಾಲು ಗಟ್ಟಿಯಾಗಿದ್ದವರನ್ನೇ ಕೂರಿಸಿದರು. ಒಂದು ವಾರದ ಮೇಲೆ ಎನ್‌ಬಿಎ ಅವರಿಗೆ 7,50,000 ಡಾಲರ್ ದಂಡ ಹಾಕಿತು, ಆಗಿನ ಲೆಕ್ಕದಲ್ಲಿ 6 ಕೋಟಿ ರೂಪಾಯಿಗೂ ಜಾಸ್ತಿ. ಆದರೆ ಸರದಿ ಉಳಿಯಿತು. ಆ 10ನೇ ಸರದಿಯನ್ನು ಒಕ್ಲಹೋಮಾ ಜೊತೆ ಅದಲುಬದಲು ಮಾಡಿಕೊಂಡು 12ನೆಯದರಲ್ಲಿ ಡೆರೆಕ್ ಲೈವ್ಲಿ ಅನ್ನುವ ಎತ್ತರದ ಹುಡುಗನನ್ನು ತಂದರು. 2024ರಲ್ಲಿ ಅವನನ್ನು ಇಟ್ಟುಕೊಂಡೇ ಫೈನಲ್ ತನಕ ಹೋದರು. ದಂಡ ಕಟ್ಟಿದ್ದು ಅವರಿಗೆ ನಷ್ಟವೇ ಆಗಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ, ಟ್ಯಾಂಕಿಂಗ್ ಕೆಲವು ಸಲ ನಿಜವಾಗಿಯೂ ಫಲ ಕೊಡುತ್ತದೆ. ಅದಕ್ಕೇ ನಿಲ್ಲುತ್ತಿಲ್ಲ.

ಇದು ನಿನ್ನೆ ಮೊನ್ನೆಯದಲ್ಲ. 1984ರವರೆಗೆ ಎರಡು ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಸರದಿ ಕೊಡುತ್ತಿದ್ದರು. ಹೂಸ್ಟನ್ ತಂಡ 1983ರಲ್ಲಿ ರಾಲ್ಫ್ ಸ್ಯಾಂಪ್ಸನ್‌ನನ್ನು, 1984ರಲ್ಲಿ ಹಕೀಮ್ ಒಲಾಜುವಾನ್‌ನನ್ನು ಹೀಗೇ ಪಡೆಯಿತು. ಆ 1984ರ ಸೀಸನ್‌ನ ಕೊನೆಗೆ ಅವರು ಬೇಕಂತಲೇ ಸೋತರು ಅನ್ನುವ ಆರೋಪ ಇವತ್ತಿಗೂ ಹೋಗಿಲ್ಲ. 38 ವರ್ಷದ ಎಲ್ವಿನ್ ಹೇಯ್ಸ್‌ನನ್ನು ಒಂದು ಪಂದ್ಯದಲ್ಲಿ ಹೆಚ್ಚುವರಿ ಸಮಯವೂ ಸೇರಿ ಪೂರ್ತಿ 53 ನಿಮಿಷ ಆಡಿಸಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯನನ್ನು ಒಂದು ನಿಮಿಷವೂ ಕೂರಿಸದೆ ಓಡಿಸುವುದು ಗೆಲ್ಲುವ ತಂಡ ಮಾಡುವ ಕೆಲಸವಲ್ಲ. ಅದಾದ ಮೇಲೆ 1985ರಲ್ಲಿ ಲಾಟರಿ ಬಂತು. ಈಗ 14 ಚೆಂಡು ಹಾಕಿ ನಾಲ್ಕನ್ನು ಎತ್ತುತ್ತಾರೆ, ನಮ್ಮ ಕಡೆ ಚೀಟಿ ಎತ್ತುವ ಹಾಗೆ. ಮೊದಲು ಕಟ್ಟಕಡೆಯ ತಂಡಕ್ಕೆ 25% ಅವಕಾಶ ಇತ್ತು. 2019ರಿಂದ ಕೊನೆಯ ಮೂರೂ ತಂಡಗಳಿಗೆ ತಲಾ 14% ಮಾಡಿದರು. ತೀರಾ ತಳಕ್ಕೆ ಹೋಗಲು ಪೈಪೋಟಿ ಬೇಡ ಅಂತ.

ಅಷ್ಟೊತ್ತಿಗೆ ಫಿಲಡೆಲ್ಫಿಯಾ ಇದನ್ನು ಒಂದು ಯೋಜನೆ ಅಂತಲೇ ಮಾಡಿ ತೋರಿಸಿತ್ತು. ಸ್ಯಾಮ್ ಹಿಂಕಿ ಅನ್ನುವ ಮ್ಯಾನೇಜರ್ 2013ರಲ್ಲಿ ಬಂದರು. 82 ಪಂದ್ಯದಲ್ಲಿ 19 ಗೆಲುವು, ಮರುವರ್ಷ 18, ಅದರ ಮರುವರ್ಷ ಬರೀ 10. ಎರಡು ಸೀಸನ್‌ಗೆ ಹರಡಿಕೊಂಡು ಸತತ 28 ಸೋಲು. 2016ರ ಏಪ್ರಿಲ್‌ನಲ್ಲಿ 13 ಪುಟದ ಪತ್ರ ಬರೆದು ಹಿಂಕಿ ರಾಜೀನಾಮೆ ಕೊಟ್ಟರು. ಜೊಯೆಲ್ ಎಂಬೀಡ್‌ನಂಥ ದೊಡ್ಡ ಆಟಗಾರ ಸಿಕ್ಕಿದ್ದು ನಿಜ. ಆದರೆ ಅಷ್ಟು ಸೋತ ಮೇಲೂ 2025ರ ತನಕ ಆ ತಂಡ ಪ್ಲೇ-ಆಫ್‌ನ ಎರಡನೇ ಸುತ್ತು ದಾಟಿರಲಿಲ್ಲ. ಆ ಮೂರು ವರ್ಷ ಫಿಲಡೆಲ್ಫಿಯಾದಲ್ಲಿ ಟಿಕೆಟ್ ಕೊಂಡು ಮಕ್ಕಳನ್ನು ಕರೆದುಕೊಂಡು ಬಂದವರ ಬಗ್ಗೆ ನಾನು ತುಂಬಾ ಸಲ ಯೋಚಿಸುತ್ತೇನೆ. ಅವರಿಗೆ ಆ ಸಂಜೆಗಳನ್ನು ಯಾರು ವಾಪಸ್ ಕೊಡುತ್ತಾರೆ?

ಈಗ ನನ್ನ ಚಂದಾ ವಿಷಯಕ್ಕೆ ಬರುತ್ತೇನೆ. 2025ರ ಮಾರ್ಚ್ 6, ಗುರುವಾರ. ಯೂಟಾ ಮತ್ತು ವಾಷಿಂಗ್ಟನ್ ಪಂದ್ಯ. ಆ ಸೀಸನ್‌ನಲ್ಲಿ ತೀರಾ ಕೆಳಗಿದ್ದ ತಂಡಗಳು. ಆದರೂ ನೋಡಲು ಕೂತೆ, ಯಾಕೆಂದರೆ ಯೂಟಾದ ಲೌರಿ ಮಾರ್ಕನೆನ್ ನನಗೆ ತುಂಬಾ ಇಷ್ಟ. ಫಿನ್ಲೆಂಡಿನವನು, ಏಳಡಿ ಎತ್ತರ, ಅಷ್ಟು ಎತ್ತರ ಇಟ್ಟುಕೊಂಡು ದೂರದಿಂದ ಅಷ್ಟು ಮೆತ್ತಗೆ ಚೆಂಡು ಎಸೆಯುವುದನ್ನು ನೋಡುವುದೇ ಒಂದು ಖುಷಿ. ಆ್ಯಪ್‌ನ ಮೊದಲ ಪುಟದಲ್ಲಿ ಪಂದ್ಯದ ಚಿತ್ರ ಹಾಕಿದ್ದರು. ಚಿತ್ರದಲ್ಲಿ ಅವನದೇ ಮುಖ. 5:30ಕ್ಕೆ ಪಂದ್ಯ ತೆರೆದರೆ ಅವನಿಲ್ಲ. ಎರಡನೇ ಕ್ವಾರ್ಟರ್‌ಗೆ ಬರಬಹುದೇನೋ ಅಂತ ಕಾದೆ. ರೈಲು ಹತ್ತಿ ಕೂತ ಮೇಲೂ ಕಾದೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರು ನನ್ನ ಫೋನನ್ನೇ ನೋಡುತ್ತಿದ್ದರು. "ಯಾರ್ ಗೆಲ್ತಾವ್ರೆ ಮಗಳೇ?" ಅಂದರು. ಇಬ್ಬರಿಗೂ ಗೆಲ್ಲೋದು ಬೇಕಿಲ್ಲ ಅಜ್ಜಿ ಅಂದೆ. ಅವರಿಗೆ ಅರ್ಥವಾಗಲಿಲ್ಲ. "ಮತ್ಯಾಕ್ ಆಡ್ತಾವ್ರೆ?" ಅಂದರು. ಹಿರೇಹಳ್ಳಿಯಲ್ಲಿ ಫೋನ್ ಆರಿಸಿ ಚೀಲಕ್ಕೆ ಹಾಕಿದೆ.

ಕೆಲವೇ ದಿನದಲ್ಲಿ ಸುದ್ದಿ ಬಂತು. ಆ ಪಂದ್ಯವೂ ಸೇರಿ ಕೆಲವು ಪಂದ್ಯಗಳಲ್ಲಿ ಮಾರ್ಕನೆನ್‌ನನ್ನು ಆಡಿಸದೆ ನಿಯಮ ಮುರಿದರು ಅಂತ ಯೂಟಾಗೆ 1,00,000 ಡಾಲರ್ ದಂಡ. ಹೆಸರುವಾಸಿ ಆಟಗಾರರನ್ನು ಕಾರಣವಿಲ್ಲದೆ ಕೂರಿಸಬಾರದು ಅಂತ ಎನ್‌ಬಿಎ 2023ರಲ್ಲಿ ನಿಯಮ ಮಾಡಿತ್ತು. ಅಂದರೆ ನಾನು ಬೆಳಗ್ಗೆ ಎದ್ದು ನೋಡಿದ್ದು ಪಂದ್ಯವೇ ಅಲ್ಲ ಅಂತ ಎನ್‌ಬಿಎಯೇ ಒಪ್ಪಿಕೊಂಡ ಹಾಗೆ. ದಂಡದ ದುಡ್ಡು ಅವರವರಲ್ಲೇ ಮುಗಿಯಿತು. ನನ್ನ ಬೆಳಗಿಗೆ ಲೆಕ್ಕವಿಲ್ಲ.

ಸೀಸನ್ ಮುಗಿದಾಗ ಯೂಟಾ 17 ಗೆಲುವು, 65 ಸೋಲು. ಎಲ್ಲರಿಗಿಂತ ಕೆಳಗೆ. ಕೂಪರ್ ಫ್ಲ್ಯಾಗ್ ಅನ್ನುವ ಹುಡುಗನಿಗಾಗಿ ಎಲ್ಲರೂ ಬಾಯಿಬಿಟ್ಟುಕೊಂಡು ಕೂತಿದ್ದ ವರ್ಷ ಅದು. ಲಾಟರಿ ಎತ್ತಿದಾಗ ಯೂಟಾಗೆ ಬಂದಿದ್ದು ಐದನೇ ಸರದಿ. 18 ಗೆದ್ದಿದ್ದ ವಾಷಿಂಗ್ಟನ್‌ಗೆ ಆರನೆಯದು. ಮೊದಲನೆಯದು ಯಾರಿಗೆ ಹೋಯಿತು ಗೊತ್ತಾ? ಡಲ್ಲಾಸ್‌ಗೆ. ಅವರಿಗಿದ್ದ ಅವಕಾಶ ಬರೀ 1.8%. ಅದೇ ಫೆಬ್ರವರಿಯಲ್ಲಿ ಲೂಕಾನನ್ನು ಲಾಸ್ ಏಂಜಲೀಸ್‌ಗೆ ಕೊಟ್ಟು, ಊರವರ ಬೈಗುಳ ತಿಂದು, ಆದರೂ ಕೊನೆಯ ತನಕ ಗೆಲ್ಲಲು ಪ್ರಯತ್ನಪಟ್ಟು, ಪ್ಲೇ-ಆಫ್‌ನ ಕೊನೆಯ ಜಾಗಗಳಿಗೆ ನಡೆಯುವ ಪ್ಲೇ-ಇನ್ ಪಂದ್ಯಗಳಲ್ಲಿ ಸೋತ ತಂಡ. 2023ರಲ್ಲಿ ಕೂಡ ಹಾಗೇ, 17 ಗೆದ್ದು ತಳದಲ್ಲಿದ್ದ ಡೆಟ್ರಾಯ್ಟ್‌ಗೆ ಐದನೇ ಸರದಿ, ಆ ವರ್ಷ ಎಲ್ಲರಿಗೂ ಬೇಕಾಗಿದ್ದ ವಿಕ್ಟರ್ ವೆಂಬನ್ಯಾಮಾ ಹೋಗಿದ್ದು ಸ್ಯಾನ್ ಆಂಟೋನಿಯೊಗೆ. ಸೋತವರಿಗೆ ಸಿಕ್ಕೇ ಸಿಗುತ್ತದೆ ಅಂತ ಇಲ್ಲ. ಆದರೂ 14% ಆಸೆಗೆ ಎರಡು ತಿಂಗಳ ಪಂದ್ಯಗಳನ್ನು ಕೊಂದು ಹಾಕುತ್ತಾರೆ.

ಒಂದು ಮಾತು ಸ್ಪಷ್ಟ ಮಾಡಬೇಕು. ಕೋರ್ಟ್‌ನಲ್ಲಿರುವ ಹುಡುಗರು ಸೋಲುವುದಕ್ಕೆ ಆಡುವುದಿಲ್ಲ. ಮಾರ್ಚ್‌ನ ಆ ಪಂದ್ಯಗಳಲ್ಲಿ ಹತ್ತು ದಿನದ ಒಪ್ಪಂದಕ್ಕೆ ಬಂದ ಹುಡುಗರು ಇರುತ್ತಾರೆ. ಅವರಿಗೆ ಇದೇ ಅವಕಾಶ. ಇಪ್ಪತ್ತು ಅಂಕ ಹಿಂದೆ ಇದ್ದರೂ ಚೆಂಡಿಗಾಗಿ ನೆಲಕ್ಕೆ ಬೀಳುತ್ತಾರೆ, ಮೊಣಕೈ ತರಚಿಕೊಂಡು ಏಳುತ್ತಾರೆ. ಸೋಲುವ ತೀರ್ಮಾನ ಆಗುವುದು ಮೇಲೆ, ಆಫೀಸಿನಲ್ಲಿ. ಯಾರನ್ನು ಕೂರಿಸಬೇಕು, ಯಾರಿಗೆ "ಬೆನ್ನು ನೋವು" ಅಂತ ಬರೆಯಬೇಕು, ಕೊನೆಯ ಕ್ವಾರ್ಟರ್‌ನಲ್ಲಿ ಮುಂದೆ ಇದ್ದಾಗ ಯಾವ ಐದು ಜನರನ್ನು ಇಳಿಸಬೇಕು. ಅದಕ್ಕೇ ಇದನ್ನು ಸಾಬೀತು ಮಾಡುವುದು ಕಷ್ಟ. ಎಲ್ಲದಕ್ಕೂ ಒಂದು ಕಾರಣ ಇಟ್ಟಿರುತ್ತಾರೆ. ಹೊಸಬರಿಗೆ ಅವಕಾಶ ಕೊಟ್ಟೆವು, ಹಳೆಯ ಗಾಯ, ಮುಂದಿನ ವರ್ಷದ ತಯಾರಿ.

ಬೇರೆ ಆಟಗಳಲ್ಲೂ ಇದೇ. ಆಸ್ಟ್ರೇಲಿಯಾದ ಫುಟ್‌ಬಾಲ್‌ನಲ್ಲಿ ಮೆಲ್ಬರ್ನ್ ತಂಡ 2009ರಲ್ಲಿ ನಾಲ್ಕೇ ಪಂದ್ಯ ಗೆದ್ದಿತು. ಐದು ಗೆದ್ದಿದ್ದರೆ ಅವರ ವಿಶೇಷ ಸರದಿ ಹೋಗುತ್ತಿತ್ತು. ತನಿಖೆ ಮುಗಿದು 2013ರಲ್ಲಿ ತೀರ್ಪು ಬಂದಾಗ, ತಂಡ ಬೇಕಂತಲೇ ಸೋತಿಲ್ಲ ಅಂದರು. ಆದರೆ 5,00,000 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿದರು, ಆಗಿನ ಕೋಚ್‌ನನ್ನು 16 ವಾರ ಅಮಾನತು ಮಾಡಿದರು. ತಪ್ಪಿಲ್ಲ ಅಂದ ಮೇಲೆ ಶಿಕ್ಷೆ ಯಾಕೆ ಅಂತ ಕೇಳಿದರೆ ಯಾರಲ್ಲೂ ನೆಟ್ಟಗಿನ ಉತ್ತರ ಇಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮಯಾಮಿಯ ಕೋಚ್ ಆಗಿದ್ದ ಬ್ರಯನ್ ಫ್ಲೋರೆಸ್ 2022ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದರು. 2019ರಲ್ಲಿ ಸೋತ ಒಂದೊಂದು ಪಂದ್ಯಕ್ಕೂ 1,00,000 ಡಾಲರ್ ಕೊಡುತ್ತೇನೆ ಅಂತ ಮಾಲೀಕರು ಹೇಳಿದ್ದರು ಅನ್ನುವುದು ಅವರ ಆರೋಪ. ಮಾಲೀಕರು ಅಲ್ಲಗಳೆದರು. ತಂಡ ಬೇಕಂತ ಸೋತಿಲ್ಲ ಅಂತ ಲೀಗ್‌ನ ತನಿಖೆಯೂ ಹೇಳಿತು. ಐಸ್ ಹಾಕಿಯಲ್ಲಿ ಇನ್ನೂ ಬೇಜಾರಿನ ದೃಶ್ಯ. 2015ರ ಮಾರ್ಚ್‌ನಲ್ಲಿ ಬಫಲೊ ಊರಿನ ಜನ ತಮ್ಮದೇ ಸ್ಟೇಡಿಯಂನಲ್ಲಿ ಕೂತು ಎದುರಾಳಿ ಗೋಲ್ ಹೊಡೆದಾಗ ಎದ್ದು ಚಪ್ಪಾಳೆ ತಟ್ಟಿದರು. ಆ ವರ್ಷದ ಡ್ರಾಫ್ಟ್‌ಗೆ ಬರಲಿದ್ದ ಕಾನರ್ ಮೆಕ್‌ಡೇವಿಡ್ ತಮ್ಮ ತಂಡಕ್ಕೆ ಸಿಗಲಿ ಅಂತ. ಅವನು ಎಡ್ಮಂಟನ್‌ಗೆ ಹೋದ. ಅಪ್ಪನ ಹೆಗಲ ಮೇಲೆ ಕೂತು ನಮ್ಮವರು ಗೆಲ್ಲಲಿ ಅಂತ ಕೂಗುವ ಮಗುವಿಗೆ, ಬೇಡ ಸುಮ್ಮನಿರು, ಸೋಲಲಿ ಅಂತ ಹೇಳಿಕೊಡುವ ಹಂತಕ್ಕೆ ಒಂದು ಆಟ ಹೋದರೆ ಅಲ್ಲಿ ಉಳಿಯುವುದೇನು?

ನನಗೆ ಇದು ಇಷ್ಟು ಚುಚ್ಚುವುದಕ್ಕೆ ಬೇರೆ ಕಾರಣವಿದೆ. ಕಾಲೇಜಿನ ಎರಡನೇ ವರ್ಷ, ಅಂತರ ಕಾಲೇಜು ಪಂದ್ಯಾವಳಿ. ನಮ್ಮ ಗುಂಪಿನಲ್ಲಿ ಮೊದಲ ಎರಡು ಪಂದ್ಯ ಗೆದ್ದು ಸೆಮಿಫೈನಲ್ ಖಾತ್ರಿಯಾಗಿತ್ತು. ಇನ್ನೊಂದು ಗುಂಪಿನಲ್ಲಿ ಎಲ್ಲರಿಗಿಂತ ಬಲವಾದ ತಂಡ ಅನಿರೀಕ್ಷಿತವಾಗಿ ಒಂದು ಪಂದ್ಯ ಸೋತು ಎರಡನೇ ಸ್ಥಾನಕ್ಕೆ ಬಂದಿತ್ತು. ನಾವು ಮೊದಲ ಸ್ಥಾನ ಪಡೆದರೆ ಸೆಮಿಫೈನಲ್‌ನಲ್ಲೇ ಅವರು ಎದುರಾಗುತ್ತಾರೆ. ಎರಡನೇ ಸ್ಥಾನಕ್ಕೆ ಹೋದರೆ ಫೈನಲ್ ತನಕ ದಾರಿ ಸಲೀಸು. ಕೊನೆಯ ಪಂದ್ಯಕ್ಕೆ ಮುಂಚೆ ಸರ್ ನಮ್ಮನ್ನು ಕರೆದು, "ಇವತ್ತು ನೀವು ಐದು ಜನಕ್ಕೆ ರೆಸ್ಟ್" ಅಂದರು. ಅಷ್ಟೇ ಹೇಳಿದ್ದು. ಎಲ್ಲರಿಗೂ ಅರ್ಥವಾಯಿತು. ಯಾರೂ ಏನೂ ಕೇಳಲಿಲ್ಲ.

ಆರು ಅಂಕದಿಂದ ಸೋತೆವು. ಎದುರಿಗಿದ್ದದ್ದು ಒಂದು ಸಣ್ಣ ಊರಿನ ಕಾಲೇಜು. ಅವರಿಗೆ ಕೋರ್ಟ್ ಕೂಡ ಇರಲಿಲ್ಲ, ಮಣ್ಣಿನ ಮೈದಾನದಲ್ಲಿ ಕಲಿತವರು. ಸೀಟಿ ಊದಿದ ಕೂಡಲೇ ಆ ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ತಬ್ಬಿಕೊಂಡರು, ಒಬ್ಬಳು ಕೋರ್ಟ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವರ ಕ್ಯಾಪ್ಟನ್ ಬೆಂಚಿನ ಹತ್ತಿರ ಬಂದು ನನ್ನ ಕೈ ಹಿಡಿದಳು. ಅವಳ ಅಂಗೈ ಬೆವರಿ ಒದ್ದೆಯಾಗಿತ್ತು, ಬೆರಳಿಗೆ ಬಟ್ಟೆಯ ಚಿಂದಿ ಸುತ್ತಿಕೊಂಡಿದ್ದಳು. "ಅಕ್ಕ, ನಿಮ್ಮನ್ನ ಸೋಲಿಸ್ತೀವಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ" ಅಂದಳು. ನಾನು ಒಂದು ನಿಮಿಷವೂ ಆಡಿರಲಿಲ್ಲ. ನನ್ನ ಬಟ್ಟೆ ಒಣಗಿಯೇ ಇತ್ತು. ಅವಳು ಅದನ್ನು ಗಮನಿಸಿದಳೋ ಇಲ್ಲವೋ. ನಮ್ಮ ತಂಡ ಫೈನಲ್‌ಗೆ ಹೋಯಿತು, ಅಲ್ಲಿ ಆ ಬಲವಾದ ತಂಡದ ಕೈಯಲ್ಲಿ ಚೆನ್ನಾಗಿಯೇ ಸೋತೆವು. ಅದು ನನಗೆ ನೆನಪೂ ಆಗುವುದಿಲ್ಲ. ಆ ಹುಡುಗಿಯ ಕೈ ಮಾತ್ರ ಮರೆತಿಲ್ಲ. ಬೇಕಂತ ಸೋತವರು ತಮ್ಮ ಆಟವನ್ನಷ್ಟೇ ಹಾಳು ಮಾಡುವುದಿಲ್ಲ, ಗೆದ್ದವರ ಗೆಲುವನ್ನೂ ಕದಿಯುತ್ತಾರೆ. ಅವರಿಗೆ ಅದು ಗೊತ್ತೂ ಆಗುವುದಿಲ್ಲ.

2012ರ ಲಂಡನ್ ಒಲಿಂಪಿಕ್ಸ್ ನೆನಪಿದೆಯಾ? ಮಹಿಳೆಯರ ಡಬಲ್ಸ್ ಬ್ಯಾಡ್ಮಿಂಟನ್‌ನಲ್ಲಿ ಮುಂದಿನ ಸುತ್ತಿಗೆ ಸುಲಭದ ಎದುರಾಳಿ ಸಿಗಲಿ ಅಂತ ಚೀನಾ, ದಕ್ಷಿಣ ಕೊರಿಯಾ, ಇಂಡೋನೇಷ್ಯಾದ ನಾಲ್ಕು ಜೋಡಿಗಳು ಬೇಕಂತಲೇ ಕೆಟ್ಟದಾಗಿ ಆಡಿದವು. ಸರ್ವ್ ನೆಟ್‌ಗೆ, ಹೊಡೆತ ಹೊರಗೆ. ಪ್ರೇಕ್ಷಕರು ಕೂಗಾಡಿದರು. ಎಂಟೂ ಜನರನ್ನು ಹೊರಗೆ ಹಾಕಿದರು. ಅದೇ ಸ್ಪರ್ಧೆಯಲ್ಲಿ ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಜೋಡಿ ಅಂಕಗಳ ಲೆಕ್ಕದಲ್ಲಿ ಕೂದಲೆಳೆಯಷ್ಟರಲ್ಲಿ ಹೊರಬಿತ್ತು. ಅವರ ಗುಂಪಿನ ಜಪಾನ್ ಮತ್ತು ಚೈನೀಸ್ ತೈಪೆ ಪಂದ್ಯದ ಬಗ್ಗೆ ಭಾರತ ದೂರು ಕೊಟ್ಟಿತು, ಅದು ಬಿದ್ದುಹೋಯಿತು. ಆ ಪಂದ್ಯದಲ್ಲಿ ಏನಾಯಿತು ಅಂತ ನಾನು ತೀರ್ಪು ಕೊಡುವುದಿಲ್ಲ. ಆದರೆ ಒಂದು ಪಂದ್ಯದ ಮೇಲೆ ಅನುಮಾನ ಬಂದರೆ ಪಕ್ಕದ ಎಲ್ಲ ಪಂದ್ಯಗಳ ಮೇಲೂ ಅನುಮಾನ ಬರುತ್ತದೆ. ಪ್ರಾಮಾಣಿಕವಾಗಿ ಸೋತವರನ್ನೂ ನಂಬದ ಹಾಗೆ ಆಗುತ್ತದೆ.

ಮತ್ತೆ ಆ್ಯಪ್‌ಗೆ. ಮಾರ್ಚ್‌ನಲ್ಲಿ ನಾನು ಅವರ ಸಹಾಯವಾಣಿಗೆ ಮೇಲ್ ಹಾಕಿದೆ. ದುಡ್ಡು ವಾಪಸ್ ಕೊಡಿ ಅಂತ ಕೇಳಲಿಲ್ಲ. ಆಡುವುದಿಲ್ಲ ಅಂತ ಮೊದಲೇ ಗೊತ್ತಿರುವ ಆಟಗಾರನ ಮುಖ ಹಾಕಿ ಪಂದ್ಯ ತೋರಿಸಬೇಡಿ, ಗಾಯದ ಪಟ್ಟಿಯನ್ನು ಪಂದ್ಯದ ಪುಟದಲ್ಲೇ ಹಾಕಿ ಅಂತಷ್ಟೇ ಕೇಳಿದೆ. ನಾಲ್ಕು ದಿನದ ಮೇಲೆ ಉತ್ತರ ಬಂತು, ಪಂದ್ಯ ಸರಿಯಾಗಿ ಪ್ರಸಾರವಾಗಿದೆ, ಆದ್ದರಿಂದ ಹಣ ವಾಪಸ್ ಸಾಧ್ಯವಿಲ್ಲ ಅಂತ. ನಾನು ಕೇಳಿದ್ದೇ ಬೇರೆ. ನಮ್ಮ ಗುಬ್ಬಿ, ತುರುವೇಕೆರೆ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಮಾಡುವಾಗ ಕರಪತ್ರದಲ್ಲಿ ಒಬ್ಬೊಬ್ಬ ಪಾತ್ರಧಾರಿಯ ಫೋಟೋ, ಹೆಸರು ಹಾಕುತ್ತಾರೆ. ದುರ್ಯೋಧನ ಯಾರು ಅಂತ ನೋಡಿಯೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ನಮ್ಮ ದೊಡ್ಡಪ್ಪ ಎಷ್ಟೋ ವರ್ಷ ಆ ಪಾತ್ರ ಮಾಡಿದವರು. ಒಂದು ಸಲ ಜ್ವರ ಬಂದು ರಂಗಕ್ಕೆ ಹೋಗಲು ಆಗಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಪರದೆ ಏಳುವ ಮುಂಚೆಯೇ ಮುಂದೆ ಬಂದು ಕೈಮುಗಿದು, "ಇವತ್ತು ಇವರಿಲ್ಲ, ಇನ್ನೊಬ್ಬರು ಮಾಡ್ತಾರೆ, ಒಪ್ಪಿಸ್ಕೊಳ್ಳಿ" ಅಂತ ಕೇಳಿಕೊಂಡರಂತೆ. ಯಾರೂ ಎದ್ದು ಹೋಗಲಿಲ್ಲವಂತೆ. ದುಡ್ಡು ಕೊಟ್ಟು ಬಂದವರಿಗೆ ಅಷ್ಟು ಹೇಳಿದರೆ ಸಾಕು.

ಹಾಗಾದರೆ ಏನು ಕೊಳ್ಳಬೇಕು? ವರ್ಷದ್ದು ಬೇಡ. ತಿಂಗಳ ಚಂದಾ ಹಾಕಿ. ಅಕ್ಟೋಬರ್ ಕೊನೆಯಿಂದ ಶುರು ಮಾಡಿ. ಡಿಸೆಂಬರ್, ಜನವರಿ ತುಂಬಾ ಚೆನ್ನಾಗಿರುತ್ತದೆ, ಆಗ ಹೆಚ್ಚಿನ ತಂಡಗಳು ಇನ್ನೂ ಗೆಲ್ಲುವ ಆಸೆಯಲ್ಲೇ ಇರುತ್ತವೆ. ಫೆಬ್ರವರಿ ಮಧ್ಯದಲ್ಲಿ ಆಲ್-ಸ್ಟಾರ್ ವಿರಾಮ (ಹೆಸರುವಾಸಿ ಆಟಗಾರರ ಪ್ರದರ್ಶನ ಪಂದ್ಯಕ್ಕಾಗಿ ಲೀಗ್ ಕೆಲವು ದಿನ ನಿಲ್ಲುತ್ತದೆ) ಬಂದಾಗ ನಿಲ್ಲಿಸಿ. ಹಣ ತಾನೇ ಕಟ್ ಆಗುವ ಆಯ್ಕೆಯನ್ನು ಮೊದಲೇ ತೆಗೆದಿರಿ, ಇಲ್ಲದಿದ್ದರೆ ಮರೆತುಬಿಡುತ್ತೀರಿ. ಮತ್ತೆ ಏಪ್ರಿಲ್ ಮಧ್ಯದಲ್ಲಿ ಪ್ಲೇ-ಇನ್ ಬಂದಾಗ ಹಾಕಿ, ಜೂನ್ ಫೈನಲ್ ತನಕ ಇಟ್ಟುಕೊಳ್ಳಿ. ಪ್ಲೇ-ಆಫ್‌ನಲ್ಲಿ ಯಾರೂ ಯಾರನ್ನೂ ಸುಮ್ನೆ ಕೂರಿಸುವುದಿಲ್ಲ.

ನಡುವಿನ ಎರಡು ತಿಂಗಳಲ್ಲೂ ನೋಡಲೇಬೇಕು ಅನ್ನುವವರು ಹಿಂದಿನ ರಾತ್ರಿ ಎನ್‌ಬಿಎಯ ಗಾಯದ ಪಟ್ಟಿ ನೋಡಿ. ಅದು ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಕೆಳಗಿನ ತಂಡದ ಮುಖ್ಯ ಆಟಗಾರರು ಮೂರ್ನಾಲ್ಕು ಜನ ಒಟ್ಟಿಗೆ ಬೆನ್ನು, ಮಂಡಿ, ವಿಶ್ರಾಂತಿ ಅಂತ ಪಟ್ಟಿಯಲ್ಲಿದ್ದರೆ ಅಲಾರಂ ಇಡಬೇಡಿ, ಮಲಗಿ. ಮೇಲಿನ ಎರಡು ತಂಡಗಳ ನಡುವಿನ ಪಂದ್ಯ, ಇಲ್ಲವೇ ಏಳರಿಂದ ಹತ್ತನೇ ಸ್ಥಾನಕ್ಕೆ ಕಿತ್ತಾಡುತ್ತಿರುವವರ ಪಂದ್ಯ ಆರಿಸಿಕೊಂಡರೆ ಮೋಸವಾಗುವುದು ಕಡಿಮೆ.

ಅಕ್ಕನ ಮಗನಿಗೆ ಈಗ ಹದಿಮೂರು. ಲೂಕಾ ಲಾಸ್ ಏಂಜಲೀಸ್‌ಗೆ ಹೋದ ಮೇಲೆ ಅವನೂ ತಂಡ ಬದಲಾಯಿಸಿದ್ದಾನೆ. ಈ ಸಲ ತಿಂಗಳ ಚಂದಾ ಸಾಕು ಅಂತ ಅವನಿಗೂ ಹೇಳಿದೆ. "ಮಾರ್ಚಲ್ಲಿ ಏನ್ ಮಾಡೋದು ಚಿಕ್ಕಮ್ಮ?" ಅಂದ. ಬೆಳಗ್ಗೆ 5:30ಕ್ಕೆ ಹೇಗೂ ಎದ್ದೇಳ್ತೀಯಲ್ಲ, ಸ್ಟೇಡಿಯಂ ಕೋರ್ಟ್‌ಗೆ ಬಾ, ರೈಲು ಹೊರಡೋ ತನಕ ಇಬ್ಬರೂ ಆಡೋಣ ಅಂದೆ. ಬರುತ್ತೇನೆ ಅಂದಿದ್ದಾನೆ. ನನ್ನನ್ನು ಸೋಲಿಸುತ್ತಾನಂತೆ.